ಕ್ಯಾಪ್ಟನ್ ಡೆಲಿನ್ ತೊಟ್ಟ ಕೋಟು

ಸತ್ತ ಗಂಡ ಡೆಲಿನ್‌ನ ಸೆಟೆದ ತೋಳನ್ನು ಸೇನೆಯ ಕೋಟಿನೊಳಗೆ ತೂರಿಸಲು ಉರ್ಸುಲ್ ಹೆಣಗುತ್ತಿದ್ದಾಗ ಸಾರ್ಜೆಂಟ್ ತಿಬೋ ಬಂದು ಬಾಗಿಲಲ್ಲೇ ನಿಂತ.

"ಅಮ್ಮಾವ್ರೆ, ಹೊಸ ಮೇಜರ್ ಹೇಳಿ ಕಳಿಸಿದಾರೆ. ಕೋಟು ಬಿಚ್ಚಬೇಕಂತೆ. ಆದೇಶ ಮೀರಿದವರನ್ನ ರಾಜರ ಬಟ್ಟೇಲಿ ಮಣ್ಣು ಮಾಡೋ ಹಾಗಿಲ್ಲವಂತೆ. ಕೋಟೆಯಿಂದ ಒಬ್ಬ ಸಿಪಾಯಿನೂ ಹೊರಗೆ ಬರಬಾರದಂತೆ."

"ನೀನು ಬಂದಿದೀಯಲ್ಲ."

"ಹೇಳಿ ಬಾ ಅಂದ್ರು. ಯಾವಾಗ ವಾಪಸ್ ಬಾ ಅಂತ ಹೇಳಲಿಲ್ಲ."

ಉರ್ಸುಲ್ ತೋಳನ್ನು ಒಳಗೆ ಎಳೆದೇಬಿಟ್ಟಳು. "ಈ ಕೋಟಿಗೆ ನಾನು ಹಾಕಿದ ತೇಪೆಗೆ ಲೆಕ್ಕವಿಲ್ಲ. ಇದರಲ್ಲಿ ರಾಜರ ಬಟ್ಟೆ ಎಲ್ಲಿ ಉಳಿದಿದೆ ಅಂತ ಮೇಜರೇ ಬಂದು ತೋರಿಸಲಿ. ಅಷ್ಟನ್ನ ಮಾತ್ರ ಕತ್ತರಿಸಿ ಕೊಡ್ತೀನಿ."

*

ಹದಿನೇಳು ವರ್ಷದ ಹಿಂದೆ, ಮಿಸಿಸಿಪ್ಪಿ ನದಿ ಇನ್ನೇನು ಹೆಪ್ಪುಗಟ್ಟಬೇಕು ಎನ್ನುವಾಗ ಡೆಲಿನ್‌ಗೆ ಆದೇಶ ಬಂದಿತ್ತು. ಆಚೆ ದಡದ ಪಿಯೋರಿಯಾ ಎಂಬ ಮೂಲನಿವಾಸಿ ಜನರಲ್ಲಿ ಯಾರೋ ಇಬ್ಬರು ಕೋಟೆಯ ಸರಕಿನ ದೋಣಿ ದೋಚಿದ್ದರು. ಅದಕ್ಕಾಗಿ ಇಡೀ ಹಳ್ಳಿಯನ್ನು ಜೋಳದ ಕಣಜಗಳ ಸಮೇತ ಸುಡಬೇಕಿತ್ತು. ಡೆಲಿನ್ ನಲವತ್ತು ಸಿಪಾಯಿಗಳೊಂದಿಗೆ ಹೊಳೆ ದಾಟಿದ, ಹಳ್ಳಿಯನ್ನು ನೋಡಿದ, ಸಂಜೆಗೆ ಹಿಂದಿರುಗಿದ. ವರದಿಯಲ್ಲಿ ಎರಡೇ ಮಾತು ಬರೆದ: ಸುಡಲಿಲ್ಲ. ಸುಡುವುದಿಲ್ಲ.

"ಹಿಮ ಬೀಳ್ತಿತ್ತು, ಕೊಳ್ಳಿ ಹತ್ತಲಿಲ್ಲ ಅಂತ ಬರೀರಿ," ಎಂದು ಉರ್ಸುಲ್ ಅಂಗಲಾಚಿದ್ದಳು. "ನೀವು ಮೇಜರ್ ಆಗೋ ವರ್ಷ ಇದು."

"ಹಾಗೆ ಬರೆದ್ರೆ ಹಿಮ ಕರಗಿದ ಮೇಲೆ ಇನ್ನೊಬ್ಬನನ್ನ ಕಳಿಸ್ತಾರೆ ಕಣೇ. ಸುಡಲ್ಲ ಅಂದ್ರೆ ಮೊದಲು ನನ್ನ ಜೊತೆ ಜಗಳ ಮುಗಿಸಬೇಕು."

ಆ ಜಗಳ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ದೋಣಿಯ ಸಂಗತಿ ಎಲ್ಲರಿಗೂ ಮರೆತುಹೋಗಿತ್ತು. ಅವನ ಕೈಕೆಳಗೆ ಕವಾಯತು ಕಲಿತವರೆಲ್ಲ ಮೇಲೇರಿದರು, ಅವನು ಕ್ಯಾಪ್ಟನ್ ಆಗಿಯೇ ಉಳಿದ. ಆ ಸಿಟ್ಟಿಗೆ ಉರ್ಸುಲ್ ಒಂದು ಚಳಿಗಾಲವಿಡೀ ಅವನೊಡನೆ ಮಾತು ಬಿಟ್ಟಿದ್ದಳು.

*

ಶವ ಹೊರಲು ಆರು ಜನ ಬೇಕಿತ್ತು. ಐವರು ಹೊಳೆಯಾಚೆಯ ಆ ಹಳ್ಳಿಯಿಂದ ದೋಣಿಯಲ್ಲಿ ಬಂದರು. ಆರನೆಯವನಾಗಿ ತಿಬೋ ಹೆಗಲು ಕೊಟ್ಟ.

"ಚರ್ಚಿನ ಹಿಂದಿನ ದಾರಿ ಹತ್ತಿರ, ತಾಯಿ," ಎಂದ ಪಾದ್ರಿ, ಕೋಟೆಯತ್ತ ಅಂಜುತ್ತಾ ನೋಡಿ.

"ಹತ್ತಿರದ ದಾರಿ ಹಿಡಿಯೋ ಹಾಗಿದ್ರೆ ಇವರು ಎಂದೋ ಮೇಜರ್ ಆಗ್ತಿದ್ರು. ಕೋಟೆ ಮುಂದಿಂದಲೇ ನಡೀರಿ."

ಆಲಿಕಲ್ಲು ಬೀಳತೊಡಗಿತು. ಕೋಟೆಯ ಬಾಗಿಲು ಮುಚ್ಚಿತ್ತು. ಗೋಡೆಯ ಮೇಲೆ ಮಾತ್ರ ಸಿಪಾಯಿಗಳು ಸಾಲಾಗಿ ನಿಂತಿದ್ದರು. ಅಲ್ಲಿ ನಿಲ್ಲಬಾರದೆಂದು ಯಾರೂ ಆದೇಶಿಸಿರಲಿಲ್ಲ. ಶವ ಗೋಡೆಯ ಬುಡಕ್ಕೆ ಬರುತ್ತಿದ್ದಂತೆ ತುದಿಯಲ್ಲಿದ್ದ ಒಬ್ಬ ಮುದುಕ ಟೊಪ್ಪಿ ತೆಗೆದ. ಪಕ್ಕದವನು ತೆಗೆದ. ಅವನ ಪಕ್ಕದವನೂ.

"ಟೊಪ್ಪಿ ಹಾಕಿ," ಎಂದು ಮೇಜರ್ ಒಳಗಿನಿಂದ ಕೂಗುವುದು ಕೇಳಿಸಿತು. ಮತ್ತೆ ಕೂಗಿದ.

ಉರ್ಸುಲ್ ತಲೆಯೆತ್ತಿ ನೋಡಿದಳು. ಗೋಡೆಯುದ್ದಕ್ಕೂ ಬರಿದಲೆಗಳು. ಬೋಳು ನೆತ್ತಿಗಳ ಮೇಲೆ, ನರೆತ ಜುಟ್ಟುಗಳ ಮೇಲೆ ಆಲಿಕಲ್ಲು ಪಟಪಟನೆ ಬಡಿಯುತ್ತಿತ್ತು. ಒಂದು ಕೈಯೂ ಮೇಲೇಳಲಿಲ್ಲ.