ಗಂಡಿನ ಬೆನ್ನ ಹಿಂದೆ

ರಾಜಾಜಿನಗರದ ಹೋಟೆಲಿನ ಎದುರು ಬೈಕಿನ ಮೇಲೆ ಕೂತು, ಪ್ರೀತಂ ಇಡ್ಲಿ ತಿನ್ನುವುದನ್ನೇ ಶಿವರಾಜು ನೋಡುತ್ತಿದ್ದ. ತಿಂದು ಮುಗಿಸಿ ಕೈ ತೊಳೆಯಲು ಹೋದ ಪ್ರೀತಂ, ಹಿಂದೆ ಬಂದ ಮುದುಕರೊಬ್ಬರಿಗೆ ಜಾಗ ಬಿಟ್ಟು, ತಾನೇ ನಲ್ಲಿ ತಿರುಗಿಸಿಕೊಟ್ಟ. ಶಿವರಾಜುವಿಗೆ ಮೈ ಉರಿಯಿತು. ಇಷ್ಟು ದಿನ ಹಿಂದೆ ಬಿದ್ದರೂ ಈ ಮನುಷ್ಯ ಒಂದು ಸಿಗರೇಟು ಹಚ್ಚಿದ್ದಿಲ್ಲ, ಯಾರ ಮೇಲೂ ರೇಗಿದ್ದಿಲ್ಲ. ರಸ್ತೆ ಖಾಲಿಯಿದ್ದರೂ ಹಸಿರು ದೀಪ ಬರುವ ತನಕ ನಿಲ್ಲುತ್ತಿದ್ದ. ಅವನ ಹಿಂದೆ ಇವನೂ ನಿಲ್ಲಬೇಕಾಗುತ್ತಿತ್ತು.

ಶಿವರಾಜು ಮಾಗಡಿ ರಸ್ತೆಯ ಒಂದು ಪತ್ತೇದಾರಿ ಕಚೇರಿಯಲ್ಲಿ ಕೆಲಸಕ್ಕಿದ್ದ. ಕೊಲೆ, ದರೋಡೆ ಅಂತೆಲ್ಲ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಬರುವವರು ಅನುಮಾನದ ಗಂಡಂದಿರು, ಅನುಮಾನದ ಹೆಂಡಿರು, ಹೆಣ್ಣು ಕೊಡುವ ಮುಂಚೆ ಗಂಡಿನ ಪೂರ್ವಾಪರ ತಿಳಿಯಬೇಕೆನ್ನುವ ತಂದೆಯರು. ಆ ಬಾಗಿಲಿಗೆ ಕೊತ್ತತ್ತಿಯ ಸಿದ್ದರಾಜು ಬಂದು ನಿಂತಾಗ ಶಿವರಾಜುವಿಗೆ ಕುರ್ಚಿ ತೋರಿಸುವುದೂ ಮರೆತುಹೋಯಿತು.

ಶಿವರಾಜು ಕೊಪ್ಪದವನು, ಕೊತ್ತತ್ತಿಯ ಅತ್ತೆ ಮಂಚಮ್ಮನ ಮನೆಯಲ್ಲಿದ್ದುಕೊಂಡು ಮಂಡ್ಯದಲ್ಲಿ ಓದಿದವನು. ಸಿದ್ದರಾಜುವಿನ ಮಗಳು ದೀಪಿಕ ಅವನು ಕಾಲೇಜಿಗೆ ಹೋಗುವ ಬಸ್ಸಿಗೇ ಬರುತ್ತಿದ್ದಳು. ಕೆಲಸ ಸಿಕ್ಕ ಮೇಲೆ ಅತ್ತೆ ಹೋಗಿ ಹೆಣ್ಣು ಕೇಳಿದ್ದಳು. ಅವರಿವರ ಮನೆ ಕಿಟಕಿ ಇಣುಕುವವನಿಗೆ ಮಗಳನ್ನು ಕೊಡುವುದಿಲ್ಲವೆಂದು ಸಿದ್ದರಾಜು ಜಗುಲಿಯಲ್ಲೇ ಹೇಳಿ ಕಳಿಸಿದ್ದ. ದೀಪಿಕ ಆಗ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಮೌನ ತನ್ನ ಕಡೆಯದೆಂದೇ ಶಿವರಾಜು ನಂಬಿಕೊಂಡಿದ್ದ.

ಈಗ ಅದೇ ಸಿದ್ದರಾಜು, ಮಗಳಿಗೆ ಬೆಂಗಳೂರಿನ ಗಂಡು ಒಪ್ಪಿದೆ, ಹೊರಗಿನವರನ್ನು ನಂಬುವುದಕ್ಕಿಂತ ನಮ್ಮ ಕಡೆಯ ನೀನೇ ವಿಚಾರಿಸು ಎಂದು ಪ್ರೀತಮನ ಫೋಟೊ ಮೇಜಿನ ಮೇಲಿಟ್ಟ. ಹಳೆಯದನ್ನು ನೆನಪಿಟ್ಟುಕೊಂಡವನಂತೆ ಕಾಣಲಿಲ್ಲ. ಮೊದಲೆಲ್ಲ ಮಾವ ಎನ್ನುತ್ತಿದ್ದ ಶಿವರಾಜು, "ಆಯ್ತು ಗೌಡ್ರೆ" ಅಂದ.

ಕೊನೆಗೆ ಒಂದು ಎಳೆ ಸಿಕ್ಕಿತು. ಪ್ರೀತಂ ಹಿಂದೆ ಬಾಡಿಗೆಗಿದ್ದ ಬೀದಿಯಲ್ಲಿ ಇಸ್ತ್ರಿ ಗಾಡಿಯವನು ಮಾತಿನ ನಡುವೆ, ಅವರ ಹೆಂಡತಿ ಈಗ ಎಲ್ಲಿದ್ದಾರೆ ಎಂದು ಕೇಳಿದ. ಎರಡು ದಿನದಲ್ಲಿ ಪೂರ್ತಿ ತಿಳಿಯಿತು. ಪ್ರೀತಮನಿಗೆ ಮದುವೆಯಾಗಿತ್ತು. ವರ್ಷ ತುಂಬುವ ಮೊದಲೇ ಅವಳು ತೌರಿಗೆ ಹೋಗಿದ್ದಳು. ಕೋರ್ಟಿನಲ್ಲಿ ವಿಚ್ಛೇದನವೂ ಆಗಿತ್ತು. ಅವತ್ತು ಶಿವರಾಜು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಎಷ್ಟೋ ದಿನಗಳಾದ ಮೇಲೆ ಊಟ ರುಚಿಸಿತ್ತು.

ಹೇಳಬೇಕಾದದ್ದು ಸಿದ್ದರಾಜುವಿಗೆ. ಆದರೆ ಶಿವರಾಜುವಿನ ಬೈಕು ಕೊತ್ತತ್ತಿಯ ಕಡೆ ತಿರುಗದೆ ಮಂಡ್ಯದಲ್ಲಿ ದೀಪಿಕ ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನ ಮುಂದೆ ನಿಂತಿತು. ಅವಳಿಗೆ ಮೊದಲು ತಿಳಿಸುವುದು ನ್ಯಾಯ ಎಂದುಕೊಂಡಿದ್ದ. ನಿಜವಾಗಿ ಅವನಿಗೆ ಬೇಕಿದ್ದುದು ಆ ಮುಖ ಕಪ್ಪಿಡುವುದನ್ನು ತಾನು ನೋಡುವುದು.

ಕಬ್ಬಿನ ಹಾಲಿನ ಅಂಗಡಿಯ ನೆರಳಲ್ಲಿ ನಿಂತು ದೀಪಿಕ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಖ ಕಪ್ಪಿಡಲಿಲ್ಲ.

"ನಂಗೊತ್ತು," ಅಂದಳು. "ನೋಡಾಕ್ ಬಂದ್ ದಿನಾನೇ ಏಳುದ್ರು. ನಮ್ಮಪ್ಪಂಗೆ ಅವ್ರೇ ಏಳ್ತೀನಿ ಅಂದ್ರು, ನಾನೇ ತಡದೆ. ನಾನ್ ಏಳ್ತೀನಿ ಅಂತ."

"ಯಾಕ್ ಏಳಿಲ್ಲ?"

"ಎದ್ರುಕೆ." ಲೋಟವನ್ನು ಕಟ್ಟೆಯ ಮೇಲಿಟ್ಟು ಅವನನ್ನೇ ದಿಟ್ಟಿಸಿದಳು. "ನೀನ್ ಏಳಂಗಿದ್ರೆ ಏಳು, ನಿನ್ ಕೆಲ್ಸ. ಒಂದ್ ಕೇಳ್ತೀನಿ. ಇದು ಸಿಕ್ದಾಗ ನಿಂಗೆ ಬ್ಯಾಸ್ರ ಆಯ್ತಾ, ಸಂತೋಸ ಆಯ್ತಾ?"

ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡದ್ದು ಶಿವರಾಜುವಿಗೆ ನೆನಪಾಯಿತು. ಒಂದೇ ದಿನದ ಪರಿಚಯಕ್ಕೆ ಆ ಮನುಷ್ಯ ಇವಳ ಮುಂದೆ ಎಲ್ಲ ಬಿಚ್ಚಿಟ್ಟಿದ್ದ. ಮೂರು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿಯೂ ತಾನು ಒಂದು ಮಾತು ಆಡಿರಲಿಲ್ಲ, ಅತ್ತೆಯನ್ನು ಕಳಿಸಿದ್ದ. ದೀಪಿಕ ಬಸ್ಸು ಬಂತೆಂದು ಹೊರಟಳು.

ಅವನು ಕೊತ್ತತ್ತಿ ಮುಟ್ಟಿದಾಗ ಸಿದ್ದರಾಜು ಕೊಟ್ಟಿಗೆಯ ಮುಂದೆ ಹಸುವಿಗೆ ಮೇವು ಹಾಕುತ್ತಿದ್ದ. ಶಿವರಾಜು ಒಪ್ಪಿಸಿದ: ಹುಡುಗ ಕುಡಿಯುವುದಿಲ್ಲ, ಇಸ್ಪೀಟಿಲ್ಲ, ಕೆಲಸ ಗಟ್ಟಿ, ನಾಲ್ಕು ಜನ ಒಳ್ಳೆಯ ಮಾತಾಡುತ್ತಾರೆ. ಅಷ್ಟು ಹೇಳಿ ನಿಲ್ಲಿಸಿದ.

"ಇನ್ನೇನೋ ಐತೆ," ಅಂದ ಸಿದ್ದರಾಜು.

"ಐತೆ. ಅದು ದೀಪಿಕಂಗೆ ಗೊತ್ತು. ಅವ್ಳೇ ಏಳ್ತಾಳೆ, ಕೇಳಿ."

"ಅವ್ಳ ಕೇಳಂಗಿದ್ರೆ ನಿನ್ತಾವ್ಕೆ ಯಾಕ್ಲಾ ಬತ್ತಿದ್ದೆ?" ಮೇವಿನ ಹೊರೆ ಕೆಳಗಿಟ್ಟು ಅವನು ಹತ್ತಿರ ಬಂದ. "ಎಣ್ಣು ಕೊಡ್ನಿಲ್ಲ ಅಂತ ಒಟ್ಟೆಕಿಚ್ಚೇನ್ಲಾ ನಿಂಗೆ?"

"ಊಂ ಗೌಡ್ರೆ, ಐತೆ. ಅದುಕ್ಕೇ ನನ್ ಬಾಯಲ್ಲಿ ಬ್ಯಾಡ."

ಸಿದ್ದರಾಜು ಮೇವಿನ ಹೊರೆ ಮತ್ತೆ ಎತ್ತಿ ಹಸುವಿನ ಮುಂದೆ ಹಾಕಿದ. ಹೆಂಡತಿ ಚಿಕ್ಕಬೋರಮ್ಮನನ್ನು ಕೂಗಿ, ಇವನಿಗೆ ಉಣ್ಣಲು ಇಕ್ಕು ಅಂದ.

ಜಗುಲಿಯಲ್ಲಿ ಮುದ್ದೆ ಮುರಿಯುತ್ತಿದ್ದಾಗ ದೀಪಿಕ ಬಂದಳು. ಅವನನ್ನು ಕಂಡು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಅಪ್ಪ ಒಳಗಿನಿಂದ ಹೆಸರು ಹಿಡಿದು ಕರೆದ. ಅವಳು ಹೋದಳು. ಚಿಕ್ಕಬೋರಮ್ಮ ಸಾರಿನ ಸೌಟು ಹಿಡಿದು ಬಾಗಿಲ ಬಳಿಯೇ ಉಳಿದಳು.

ಗೋಡೆಯ ಆಚೆ ಮೆಲುದನಿಯಲ್ಲಿ ಮಾತು ಸುರುವಾಯಿತು. ಅವನಿಗೆ ತಿಳಿಯುವ ಮೊದಲೇ ಅವನ ಕತ್ತು ಆ ಕಡೆ ವಾಲಿತ್ತು, ಉಸಿರು ಸಣ್ಣಗಾಗಿತ್ತು. ದೀಪಿಕಳ ದನಿ, "ಅಪ್ಪಾ, ಅವ್ರ್ಗೆ..." ಎಂದಿತು.

ಶಿವರಾಜು ಎಲೆ ಬಿಟ್ಟು ಎದ್ದ. ಎಂಜಲು ಕೈಯಲ್ಲೇ ಅಂಗಳ ದಾಟಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ನಾಲೆಯ ಏರಿ ಹತ್ತಿದ. ತೂಬಿನ ಹತ್ತಿರ ನೀರು ಧುಮುಕುತ್ತಿತ್ತು. ಅದರ ಸದ್ದು ಬಿಟ್ಟು ಬೇರೇನೂ ಕೇಳದ ಜಾಗ ಸಿಗುವ ತನಕ ಮುಂದೆ ಹೋಗಿ, ಅಲ್ಲಿ ಕುಕ್ಕರುಗಾಲಲ್ಲಿ ಕೂತು, ನಿಧಾನವಾಗಿ ಕೈ ತೊಳೆಯತೊಡಗಿದ.