ಹೇಳಿ ಕಳಸ್ತೇವ್ರಿ

1

ಎಲ್ಲಿಂದ ಶುರು ಮಾಡಲಿ? ರೋಣದಿಂದ ಮಾಡಬಹುದು. ಕಳಕೇಶನ ಪೇಂಟಿನ ಅಂಗಡಿ ಅಲ್ಲಿದೆ, ಅವನ ಮೊಬೈಲ್ ಟಣ್ ಎಂದದ್ದೂ ಅಲ್ಲೇ. ನರಗುಂದದಿಂದಲೂ ಮಾಡಬಹುದು. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಮುಂದೆ ಒಂದು ಗೊಂಬೆಯ ಸಲುವಾಗಿ ಜಗಳ ಆಗಲಿದೆ. (ಮುಂದಿನದನ್ನು ಈಗಲೇ ಹೇಳಿಬಿಡುವುದು ಅನುವಾದದ ಕಾದಂಬರಿಗಳಿಂದ ನನಗೆ ಅಂಟಿದ ಚಟ. ಕ್ಷಮೆ ಇರಲಿ.)

ಕೊನೆಗೆ ಗಜೇಂದ್ರಗಡವನ್ನು ಆರಿಸಿಕೊಂಡು ಹೀಗೆ ಬರೆದೆ: "ಗುಡ್ಡದ ಮೇಲೆ ಗಾಳಿಯಂತ್ರಗಳು ಅನಾಥವಾಗಿ ತಿರುಗುತ್ತಿದ್ದವು."

ಕಳಕೇಶನ ಹೆಂಡತಿ, ನನ್ನ ನಾಯಕಿ ಮಹೇಶ್ವರಿ, ಹೊಲಿಗೆ ಮಷಿನ್ನಿನಿಂದ ತಲೆ ಎತ್ತಿದಳು.

"ತಮ್ಮಾ, ಆ ಅನಾಥ ಅನ್ನೂ ಮಾತ ತಗಿ ಮೊದಲ."

ತೆಗೆದೆ. ಗಾಳಿಯಂತ್ರಗಳು ಸುಮ್ಮನೆ ತಿರುಗಿದವು.

"ಈಗ ನೋಡು, ಎಷ್ಟ ಖುಷಿಲೆ ತಿರಗಾಕತ್ತಾವ," ಎಂದಳು.

2

ನಿಮಗೆ ತಿಳಿದಿರಬೇಕಾದದ್ದು ಸ್ವಲ್ಪವೇ. ಮಹೇಶ್ವರಿ, ಕಳಕೇಶ ಇಬ್ಬರೂ ಮಗು ದತ್ತು ಕೇಳಿದ್ದಾರೆ. ದತ್ತು ಕೇಂದ್ರದಿಂದ ಮನೆಗೆ ಬಂದವರು ಅಡುಗೆಮನೆಯಿಂದ ಹಿಡಿದು ಮನಸ್ಸಿನವರೆಗೆ ಎಲ್ಲ ನೋಡಿ, ಯೋಗ್ಯರು ಎಂದು ಬರೆದುಕೊಂಡು ಹೋಗಿದ್ದಾರೆ. ಆಮೇಲೆ ಸರದಿ. ಇಲ್ಲಿ ಮಗುವನ್ನು ಆರಿಸುವ ಹಾಗಿಲ್ಲ. ಸರದಿ ಬಂದ ದಿನ ಸರಕಾರದ ದತ್ತು ಪೋರ್ಟಲ್ ಮೊಬೈಲಿನಲ್ಲಿ ಒಂದು ಮಗುವನ್ನು ತೋರಿಸುತ್ತದೆ. ಎರಡು ದಿನದೊಳಗೆ ಹೂಂ ಅನ್ನಬೇಕು. ಅನ್ನದಿದ್ದರೆ ಆ ಮಗು ಇನ್ನೊಬ್ಬರ ಮೊಬೈಲಿನಲ್ಲಿ ಟಣ್ ಅನ್ನುತ್ತದೆ.

ವರ್ಷಗಟ್ಟಲೆ ಕಾದ ಮೇಲೆ ಟಣ್ ಅಂದಿತು. ಕಳಕೇಶ ಅಂಗಡಿ ಮುಚ್ಚಿ ಗಜೇಂದ್ರಗಡದ ಮನೆಗೆ ಓಡಿ ಬಂದ. ಒಂದೂವರೆ ವರ್ಷದ ಹುಡುಗಿ. ಒಂದು ಕಾಲಿಗೆ ಮಾತ್ರ ಕಾಲುಚೀಲ, ಇನ್ನೊಂದು ಕೈಯಲ್ಲಿ. ಫೋಟೊ ತೆಗೆಯುವವರ ಮೇಲೇ ಅನುಮಾನ ಬಂದಂತೆ ನೋಡುತ್ತಿದ್ದಾಳೆ. ಮಹೇಶ್ವರಿ ಆ ಮುಖ ನೋಡಿದಳು, ಎರಡು ಬೆರಳಿಂದ ದೊಡ್ಡದು ಮಾಡಿ ನೋಡಿದಳು, ಎದ್ದು ಹೋಗಿ ಬಚ್ಚಲಲ್ಲಿ ಒಬ್ಬಳೇ ನಕ್ಕು ಬಂದಳು.

"ಒತ್ತಿ ಬಿಡ್ರಿ," ಎಂದಳು ಗಂಡನಿಗೆ.

"ಅವ್ವನ್ನ ಒಂದ ಮಾತ ಕೇಳೂಣು," ಎಂದ ಕಳಕೇಶ.

ಕಥೆ ಕೆಟ್ಟದ್ದು ಇಲ್ಲಿ. (ಕಥೆಗಾರನಿಗೆ ಒಳ್ಳೆಯದಾದದ್ದೂ ಇಲ್ಲೇ.)

2, ಮತ್ತೊಮ್ಮೆ

ಕಳಕೇಶನ ಅವ್ವ ಮುದುಕವ್ವ ರಾಜೂರದಿಂದ ಅಬ್ಬಿಗೇರಿಯವರೆಗೆ ಲೆಕ್ಕವಿಲ್ಲದಷ್ಟು ಲಗ್ನ ಕೂಡಿಸಿದವಳು. ಹೆಣ್ಣು ನೋಡುವುದರಲ್ಲಿ ಆಕೆಗೆ ಒಂದು ಕಟ್ಟಳೆ ಇತ್ತು: ನೋಡಿದ ಮನೆಯಲ್ಲೇ ಹೂಂ ಅನ್ನಬಾರದು. ಹೆಣ್ಣು ಎಷ್ಟೇ ಹಿಡಿಸಿರಲಿ, ಉಪ್ಪಿಟ್ಟು ತಿಂದು, ಕೈ ತೊಳೆದು, ಹೊಸ್ತಿಲ ಹತ್ತಿರ ನಿಂತು ಗಂಭೀರವಾಗಿ "ಊರಿಗೆ ಹೋಗಿ ಹೇಳಿ ಕಳಸ್ತೇವ್ರಿ" ಅನ್ನಬೇಕು. ಕೂಡಲೇ ಹೂಂ ಅಂದರೆ ಮನೆತನ ಹಗುರವಾಗುತ್ತದೆ.

"ಕೂಸ ಆದ್ರೇನ, ಹೆಣ್ಣ ಹೆಣ್ಣ," ಎಂದಳು ಮುದುಕವ್ವ ಈ ಸುದ್ದಿಗೂ. "ಇವತ್ತ ಅಮಾಸಿ. ನಾಳಿ ನೋಡೂಣು."

ಒಂದು ದಿನ ಹೋಯಿತು.

ಮರುದಿನ ರಾಜೂರದಿಂದ ಆಕೆಯ ತಮ್ಮ ತೋಟಪ್ಪ ಬಂದ.

"ಅವ್ವಾ, ಇದನ್ನ ಮಂದಿಗೆ ತೋರಸಬಾರ್ದಂತ," ಎಂದ ಕಳಕೇಶ.

"ತೋಟಪ್ಪ ಮಂದಿ ಏನಲೇ? ನಿನ್ನ ಸ್ವಾದರಮಾವ!"

ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ನಡುವೆ ಮಣೆ, ಮಣೆಯ ಮೇಲೆ ತಂಬಿಗೆ, ತಂಬಿಗೆಗೆ ಆನಿಸಿದ ಮೊಬೈಲ್. ಮೊಬೈಲಿನಲ್ಲಿ ಹುಡುಗಿ. ತೋಟಪ್ಪ ಗಂಟಲು ಸರಿಮಾಡಿಕೊಂಡ. ಎಷ್ಟೋ ಹೆಣ್ಣು ನೋಡಿದವನು, ಬಾಯಿಗೆ ರೂಢಿಯಾದದ್ದೇ ಬಂತು.

"ಅಡಗಿ ಬರತೈತೇನವಾ?"

"ಮಾವಾ, ಅದಕ್ಕ ಇನ್ನೂ ಹಲ್ಲ ಬರಾಕತ್ತಾವ!" ಎಂದ ಕಳಕೇಶ.

"ಹಂಗಾರ ಹಲ್ಲ ಎಷ್ಟ ಬಂದಾವ?" ಎಂದ ತೋಟಪ್ಪ, ಸೋಲದೆ.

ಸ್ಕ್ರೀನ್ ಮಂಕಾಗುತ್ತಿದ್ದಂತೆ ಕಳಕೇಶ ಬೆರಳಿಂದ ಮುಟ್ಟಿ ಎಬ್ಬಿಸುತ್ತಿದ್ದ. "ನಾಚಿಕಿ ಸ್ವಭಾವ," ಎಂದಳು ಮುದುಕವ್ವ ಮೆಚ್ಚಿಕೊಂಡು.

ಉಪ್ಪಿಟ್ಟು ಮುಗಿಯಿತು. ಮುದುಕವ್ವ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಮೊಬೈಲಿಗೆ ಹೇಳಿದಳು:

"ಹೇಳಿ ಕಳಸ್ತೇವ್ರಿ."

4

(ಮೂರನ್ನು ಹಾರಿಸಿದೆ. ಅದರಲ್ಲಿ ಕಾಯುವಿಕೆಯ ಬಗ್ಗೆ ತತ್ವಜ್ಞಾನ ಇತ್ತು. "ನನಗ ಟೈಮಿಲ್ಲ, ನೀ ತತ್ವ ಹೇಳ್ತಿ," ಎಂದು ಮಹೇಶ್ವರಿ ಹರಿದು ಹಾಕಿದಳು.)

ಎರಡನೆಯ ದಿನವೂ ಮುಗಿಯುತ್ತಾ ಬಂತು. ಈಗ ಸಸ್ಪೆನ್ಸ್ ಬೇಕಲ್ಲ, ಮೂರು ಅಂತ್ಯಗಳನ್ನು ಇಟ್ಟೆ.

ಅ. ಕರೆಂಟು ಹೋಯಿತು, ಮೊಬೈಲ್ ಚಾರ್ಜು ಮುಗಿಯಿತು.

"ಪವರ್ ಬ್ಯಾಂಕ್ ಐತಿ," ಎಂದಳು ಮಹೇಶ್ವರಿ.

ಆ. ನೆಟ್‌ವರ್ಕ್ ಹೋಯಿತು.

"ಮಾಳಗಿ ಮ್ಯಾಲ ಬರತೈತಿ."

ಇ. ಅವಧಿ ಮುಗಿಯಿತು. ಎಲ್ಲೋ ಒಂದು ಊರಿನಲ್ಲಿ, ಇನ್ನೊಬ್ಬ ಹೆಂಗಸಿನ ಮೊಬೈಲ್ ಟಣ್ ಅಂದಿತು. ಒಂದು ಕಾಲಿಗೆ ಮಾತ್ರ ಕಾಲುಚೀಲ...

ಮಹೇಶ್ವರಿ ಮೊದಲ ಸಲ ನನ್ನನ್ನು ಕಥೆಗಾರನನ್ನು ನೋಡುವ ಹಾಗೆ ನೋಡದೆ, ಬಾಗಿಲು ಹಾಕಲು ಬಂದವನನ್ನು ನೋಡುವ ಹಾಗೆ ನೋಡಿದಳು.

"ತಮ್ಮಾ," ಎಂದಳು ಮೆಲ್ಲಗೆ, "ಆಟ ಆಡು. ನನ್ನ ಕೂಸಿನ ಮ್ಯಾಲ ಆಡಬ್ಯಾಡ."

ನಾನು ಪೆನ್ನು ಎತ್ತುವ ಮೊದಲೇ ಅವಳು ಜಮಖಾನೆ ದಾಟಿ ಹೋಗಿ ಒತ್ತಿದಳು. ಮೊಬೈಲ್ ಕೇಳಲಿಲ್ಲ. ಉಪ್ಪಿಟ್ಟಿನ ಜಿಡ್ಡು! ತೋಟಪ್ಪನ ಹೆಗಲ ಮೇಲಿನ ಟವೆಲ್ ಎಳೆದು ಬೆರಳು ಒರೆಸಿಕೊಂಡು ಮತ್ತೆ ಒತ್ತಿದಳು. ಮಗು ಅವರ ಹೆಸರಿಗೆ ಕಾಯ್ದಿರಿಸಲ್ಪಟ್ಟಿತು.

"ಅಯ್ಯ ನಮ್ಮವ್ವ! ಹೂಂ ಅಂದ ಬಿಟ್ಟಿ? ಅವರ ಏನ ತಿಳಕೊಂಡಾರು?"

"ಭಾಳ ಗಡಿಬಿಡಿ ಮಂದಿ ಅಂತ ತಿಳಕೊಂಡಾರು. ತಿಳಕೊಳ್ಳಲಿ ಬಿಡ್ರಿ, ಅತ್ತಿ. ಖರೇನ ಐತಿ."

ತೋಟಪ್ಪ ಟವೆಲ್ ನೋಡಿಕೊಂಡ. "ಉಪ್ಪಿಟ್ಟ ಚಲೋ ಆಗಿತ್ತು," ಎಂದ.

5

ನರಗುಂದದ ಬಸ್ ಸ್ಟ್ಯಾಂಡ್. (ಮಾತು ಕೊಟ್ಟಿದ್ದ ಜಗಳ.) ಮಗು ಇರುವ ಊರಿಗೆ ಇಲ್ಲಿ ಬಸ್ ಬದಲಿಸಬೇಕು. ಊರಿನ ಹೆಸರು ಹೇಳುವುದಿಲ್ಲ, ಮಗುವಿನದೂ ಹೇಳುವುದಿಲ್ಲ. ಅದು ನನ್ನ ಪ್ರಯೋಗವಲ್ಲ, ಮಹೇಶ್ವರಿಯ ಆಣತಿ.

ಮುದುಕವ್ವ ತನ್ನ ಅರ್ಧದಷ್ಟಿದ್ದ ಗೊಂಬೆ ಹಿಡಿದು ನಿಂತಿದ್ದಳು. ಮಹೇಶ್ವರಿ ಕೆಂಪು ಕಾಲುಚೀಲ ಕೊಂಡಿದ್ದಳು.

"ಇಷ್ಟ ದೊಡ್ಡದ ನೋಡಿದ್ರ ಕೂಸ ಅಂಜತೈತ್ರಿ."

"ಹೆಣ್ಣ ನೋಡಾಕ ಕಾಲಚೀಲ ಒಯ್ತಾರೇನು?"

ಗೊಂಬೆಯನ್ನು ಬಸ್ಸಿನಲ್ಲಿ ಮರೆತುಹೋಗುವಂತೆ ಬರೆದರೆ ಒಳ್ಳೆಯ ಪ್ರತಿಮೆ ಆದೀತು ಎಂದೆ. ಮುದುಕವ್ವ ಅದನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಮಾಡಿದಳು. "ಪ್ರತಿಮಾ ಗಿತಿಮಾ ನಿನ್ನ ಹಂತ್ಯಾಕ ಇಟ್ಗೊ. ಇದನ್ನ ನಾ ಆರಿಸಿ ತಂದೇನಿ."

6

ದತ್ತು ಕೇಂದ್ರದಲ್ಲಿ ಮಗುವನ್ನು ನೋಡಿಕೊಳ್ಳುವ ಕೌಸರ ಅವಳನ್ನು ಎತ್ತಿಕೊಂಡು ಬಂದಳು. ಅದೇ ಮುಖ. ಅದೇ ಅನುಮಾನ. ಅದೇ ಒಂದು ಕಾಲುಚೀಲ.

ಕಳಕೇಶ ನಕ್ಕ. ಮುದುಕವ್ವ ಗೊಂಬೆಯ ಕೈ ಹಿಡಿದು ಕುಣಿಸಿದಳು. ಮಹೇಶ್ವರಿ ಕೆಂಪು ಕಾಲುಚೀಲ ಮುಂದೆ ಹಿಡಿದಳು.

ಹುಡುಗಿ ಒಬ್ಬೊಬ್ಬರನ್ನೇ ನೋಡಿದಳು, ಸಾವಕಾಶವಾಗಿ, ಮೇಲಿಂದ ಕೆಳಗೆ. ಆಮೇಲೆ ಕೌಸರಳ ಹೆಗಲಿಗೆ ಮುಖ ಒತ್ತಿಕೊಂಡುಬಿಟ್ಟಳು.

ಮಹೇಶ್ವರಿಯ ಕೈಯಲ್ಲಿ ಕಾಲುಚೀಲ ಮುದ್ದೆಯಾಯಿತು.

"ಟೈಮ್ ಕೊಡ್ರಿ ಅಕ್ಕಾರ," ಎಂದಳು ಕೌಸರ. "ನೀವು ಒಪ್ಪೀರಿ. ಆಕಿಗೆ ಇನ್ನೂ ಯಾರೂ ಕೇಳಿಲ್ಲಲ್ಲ."

ಆಗ ಸದ್ದು ಬಂದದ್ದು ಮುದುಕವ್ವನಿಂದ. ಅದು ನಗು. ಗೊಂಬೆ ಅಲುಗುವಷ್ಟು ನಗು.

"ನೋಡಲೇ ಕಳಕೇಶ, ಹೂಂ ಅನವಲ್ಲದು! ಮ್ಯಾಲಿಂದ ಕೆಳಗ ನೋಡಿ ಸುಮ್ನಾತು! ಹೇಳಿ ಕಳಸ್ತೇವ್ರಿ ಅನ್ನಾಕತ್ತೈತಿ! ಇದಕ್ಕ ಯಾರ ಕಲಿಸ್ಯಾರ? ಇದು ನಮ್ಮ ಮನಿ ಕೂಸು ಬಿಡ್ರಿ!"

7

ಈಗ ನೀವು ಅಂತ್ಯ ಕೇಳುತ್ತೀರಿ. ನನ್ನಲ್ಲಿ ತಯಾರಿದೆ: ಹುಡುಗಿ ತಿರುಗುತ್ತಾಳೆ, ಎರಡೂ ಕೈ ಚಾಚುತ್ತಾಳೆ, ಎಲ್ಲರ ಕಣ್ಣಲ್ಲಿ...

"ಬರೀಬ್ಯಾಡ," ಎಂದಳು ಮಹೇಶ್ವರಿ. "ಆಕಿ ಪರವಾಗಿ ನೀ ಹೂಂ ಅನಬ್ಯಾಡ."

ಅವಳು ನೆಲದ ಮೇಲೆ ಕೂತಳು. ಪಕ್ಕದಲ್ಲಿ ಕೆಂಪು ಕಾಲುಚೀಲ ಇಟ್ಟಳು. ಕಳಕೇಶ ಕೂತ. ಜೀವಮಾನವಿಡೀ ಬೇರೆಯವರನ್ನು ಕಾಯಿಸಿದ ಮುದುಕವ್ವ, ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಕಾಯಲು ಕೂತಳು. ಪೆನ್ನು ಜೇಬಿಗಿಟ್ಟು ನಾನೂ ಕೂತೆ. ಸ್ವಲ್ಪ ಸರಿಯುತ್ತೇನೆ, ನೀವೂ ಕೂರಿ.

ಕೌಸರಳ ಹೆಗಲಿನಿಂದ ಒಂದು ಕಣ್ಣು ಹೊರಗೆ ಬಂದಿದೆ. ಅದು ಕಾಲುಚೀಲವನ್ನು ನೋಡುತ್ತಿದೆ.

ಅವಸರವಿಲ್ಲ, ತಾಯಿ.