ಮಧ್ಯಾಹ್ನ ಮೂರರ ನಿಧಾನ

ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಕ್ಲಸ್ಟರ್ ಮುಗ್ಗರಿಸುತ್ತಿತ್ತು. ಒಟ್ಟಿಗೆ ದುಡಿಯಬೇಕಾದ ನಾನೂರು ಕಂಪ್ಯೂಟರುಗಳು ಹತ್ತು ನಿಮಿಷ ಫೈಲಿಗಾಗಿ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದವು. ಹವಾಮಾನ ಲೆಕ್ಕ ಹಾಕುವವರು ಬಾಯಿಗೆ ಬಂದಂತೆ ಬೈದರು.

"ಎಂಟು ಹೊಸ ಡಿಸ್ಕ್ ಹಾಕಿದ್ದೂ ದಂಡ ಆಯ್ತಲ್ಲಮ್ಮಾ," ಎಂದರು ಮೇಲಧಿಕಾರಿ.

ಡಿಸ್ಕುಗಳ ಉಸ್ತುವಾರಿ ಹೊತ್ತಿದ್ದವಳು ಹಟ ಹಿಡಿದು ಹುಡುಕಿದಳು. ಮೂರು ಗಂಟೆಗೆ ಡಿಸ್ಕುಗಳು ಆರಾಮಾಗಿ ನಿದ್ದೆ ಹೊಡೆಯುತ್ತಿದ್ದವು. ಉಸಿರುಗಟ್ಟುತ್ತಿದ್ದುದು ಯಾವ ಫೈಲು ಎಲ್ಲಿದೆಯೆಂದು ವಿಳಾಸ ಹೇಳುವ ಒಂದೇ ಒಂದು ಸರ್ವರಿಗೆ. ಯಾರೋ ಆ ಹೊತ್ತಿಗೆ ಎರಡು ಲಕ್ಷ ಪುಡಿ ಫೈಲುಗಳ ಬಾಗಿಲು ತಟ್ಟುತ್ತಿದ್ದರು. ಯಾರೆಂದು ಪಟ್ಟಿ ತೆಗೆದರೆ ಅವಳದೇ ಹೆಸರು!

ಅವು ಅಕ್ಕನ ಫೈಲುಗಳು. ಅಕ್ಕ ಪಕ್ಕದ ಕೋಣೆಯಲ್ಲೇ ಮೈಕಿನ ಮುಂದೆ ಕೂತು, ಯಂತ್ರಕ್ಕೆ ಮಾತು ಕಲಿಸಲೆಂದು ಒಂದೊಂದೇ ಪದ ಓದುತ್ತಿದ್ದಳು, ಪದಕ್ಕೊಂದು ಫೈಲು. ಎರಡು ವರ್ಷದ ಹಿಂದೆ ತೀರಿಕೊಂಡಳು. ಫೈಲುಗಳು ಸಂಸ್ಥೆಯ ಸ್ವತ್ತು, ಮನೆಗೆ ಒಯ್ಯುವಂತಿಲ್ಲ. ಅರವತ್ತು ದಿನ ಯಾರೂ ಮುಟ್ಟದ ಫೈಲನ್ನು ವ್ಯವಸ್ಥೆ ಮುಲಾಜಿಲ್ಲದೆ ಅಳಿಸಿಹಾಕುತ್ತದೆ. ಎರಡು ತಿಂಗಳಿಗೊಮ್ಮೆ ಮುಟ್ಟಿದ್ದರೆ ಸಾಕಿತ್ತು, ನಿಜ. ಆದರೆ ಹೆದರಿದ ಜೀವ ಬುದ್ಧಿಮಾತು ಕೇಳುತ್ತದೆಯೇ? ದಿನವೂ ಮೂರಕ್ಕೆ ಮುಟ್ಟುವಂತೆ ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದಳು; ಅದು ಇಷ್ಟು ಕಾಟ ಕೊಟ್ಟೀತೆಂದು ಎಣಿಸಿರಲಿಲ್ಲ. ಅವಳಿಗೆ ಅಕ್ಕ ಬೇಕಿತ್ತು, ಅಷ್ಟೇ. ಆದರೂ ಆ ದನಿಯನ್ನು ಒಮ್ಮೆಯೂ ಕೇಳುವ ಧೈರ್ಯ ಬಂದಿರಲಿಲ್ಲ.

"ಸಾರ್, ಕಳ್ಳಿ ನಾನೇ," ಎಂದು ಹೋಗಿ ಒಪ್ಪಿಕೊಂಡಳು.

ಅವರು ಕನ್ನಡಕ ತೆಗೆದು ಒರೆಸಿದರು, ಅದು ಆಗಲೇ ಶುಭ್ರವಾಗಿತ್ತು. "ಏನ್ ಮಾಡ್ತೀಯೋ ಮಾಡು. ನಾಳೆ ಮೂರಕ್ಕೆ ಈ ಕಾಟ ಇರಬಾರದು. ಇದ್ರೆ ನಾನೇ ಅಳಿಸ್ಬೇಕಾಗುತ್ತೆ."

ಎಲ್ಲವನ್ನೂ ಒಂದರ ಹಿಂದೊಂದು ಪೋಣಿಸಿ ಒಂದೇ ದೊಡ್ಡ ಫೈಲು ಮಾಡಿ, ಎಂಟು ಡಿಸ್ಕುಗಳಿಗೆ ಹಂಚಿದಳು. ಇನ್ನು ಮುಟ್ಟಬೇಕಾದ್ದು ಒಂದನ್ನೇ. ಮರುದಿನ ಮೂರು ಹೊಡೆದರೂ ಕ್ಲಸ್ಟರ್ ಸರಾಗವಾಗಿ ಓಡಿತು. ಕೊನೆಯ ತನಕ ಸರಿಯಾಗಿ ಸೇರಿದೆಯೋ ಇಲ್ಲವೋ ಎಂದು ಈಗ ಕೇಳದೆ ವಿಧಿಯಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ತುದಿಗೆ ಹೋದಳು. ಅಲ್ಲಿದ್ದುದು ಪದವಲ್ಲ. ಅಕ್ಕ ಮೈಕ್ ಆರಿಸಲು ಮರೆತಿದ್ದಳು.

"ಸಾಕು ಕಣೇ, ಹೊಟ್ಟೆ ಹಸೀತಿದೆ. ಊಟಕ್ಕೆ ಬಾರೇ."

ಬಾಗಿಲಾಚೆಯಿಂದ ಅವಳದೇ ದನಿ: "ನೀನು ಹೋಗಿರೇ. ಇದೊಂದು ಡಿಸ್ಕ್ ನೋಡಿ ಬಂದ್ಬಿಡ್ತೀನಿ."

ಆ ದಿನ ಅವಳು ಹೋಗಲೇ ಇಲ್ಲ.

ಫೈಲನ್ನು ಹಿಂದಕ್ಕೆಳೆದಳು. ಅಕ್ಕ ಮತ್ತೆ ಕರೆದಳು.

"ಬಂದೇ," ಎನ್ನುತ್ತಾ ಕುರ್ಚಿ ಬಿಟ್ಟು ಎದ್ದೇ ನಿಂತಳು.